ಪದ್ಮಿನಿ ಎಂಜಿನ್ ಇಳಿಸಬೇಕು: ಕ್ರೇನ್ ಒಳ್ಳೆಯದಾ, ಚೈನ್ ಬ್ಲಾಕಾ? ಸ್ಟ್ಯಾಂಡ್ ಎಂಥದ್ದು ಬೇಕು?

ಮೈಸೂರು_1100

ನಮಸ್ಕಾರ ಎಲ್ಲರಿಗೂ. ಅಪ್ಪ ಓಡಿಸುತ್ತಿದ್ದ ಪ್ರೀಮಿಯರ್ ಪದ್ಮಿನಿ ನಮ್ಮ ಮನೆಯಲ್ಲಿದೆ. 1089 ಸಿಸಿ ಪೆಟ್ರೋಲ್. ಗಾಡಿ ಓಡುತ್ತದೆ, ಆದರೆ ನೀಲಿ ಹೊಗೆ ಬರುತ್ತದೆ, ಆಯಿಲ್ ಜಾಸ್ತಿ ಕುಡಿಯುತ್ತದೆ, ಎರಡು ಸಿಲಿಂಡರಿನಲ್ಲಿ ಕಂಪ್ರೆಷನ್ ತುಂಬಾ ಕಡಿಮೆ. ಎಂಜಿನ್ ಇಳಿಸಿ ಪೂರ್ತಿ ಬಿಚ್ಚಬೇಕು, ಬ್ಲಾಕನ್ನೂ ಕ್ರ್ಯಾಂಕನ್ನೂ ಬೋರಿಂಗ್ ಅಂಗಡಿಗೆ (ಸಿಲಿಂಡರ್ ಕೊರೆದು ಸರಿ ಮಾಡುವವರು) ಕೊಡಬೇಕು, ಆಮೇಲೆ ನಾನೇ ಜೋಡಿಸಬೇಕು ಅಂತ ಆಸೆ. ಬಿಚ್ಚಿ ಜೋಡಿಸುವುದರ ಬಗ್ಗೆ ಭಯ ಇಲ್ಲ. ಎತ್ತಿ ಇಳಿಸುವುದರ ಬಗ್ಗೆ ಮಾತ್ರ ಗೊಂದಲ.

ಜಾಗ ಮನೆಯ ಪೋರ್ಟಿಕೋ. ಮೇಲೆ ಆರ್‌ಸಿಸಿ, 10 ಅಡಿ ಎತ್ತರ. ಕೆಳಗೆ ಟೈಲ್ಸ್, ನೀರು ಹೋಗಲಿ ಅಂತ ಗೇಟಿನ ಕಡೆಗೆ ಸ್ವಲ್ಪ ಇಳಿಜಾರು ಇದೆ. ಮಡಚುವ 2 ಟನ್ ಎಂಜಿನ್ ಕ್ರೇನ್ ಆನ್‌ಲೈನಿನಲ್ಲಿ ನೋಡಿಟ್ಟಿದ್ದೇನೆ. ಬೋರ್‌ವೆಲ್ ಮೋಟರ್ ಎತ್ತುವವರ ಹತ್ತಿರ ಚೈನ್ ಬ್ಲಾಕ್ (ಸರಪಳಿ ಎಳೆದು ಭಾರ ಎತ್ತುವ ರಾಟೆ) ಮತ್ತು ಮೂರು ಕಾಲಿನ ಸ್ಟ್ಯಾಂಡ್ ಬಾಡಿಗೆಗೆ ಸಿಗುತ್ತದೆ, ಅದೇ ಸಾಕು ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಪೋರ್ಟಿಕೋ ಸೀಲಿಂಗಿನಲ್ಲಿ ಒಂದು ಕೊಕ್ಕೆಯೂ ಇದೆ. ಯಾವ ದಾರಿ ಹಿಡಿಯಲಿ? ಎಂಜಿನ್ ಕೂರಿಸುವ ಸ್ಟ್ಯಾಂಡ್ 450 ಕೆಜಿಯದು ತಗೊಂಡರೆ ಸಾಕಾ?

ಹುಬ್ಬಳ್ಳಿ ಗ್ಯಾರೇಜ್

ಮೊದಲು ಆ ಕೊಕ್ಕೆಯ ಯೋಚನೆ ಬಿಟ್ಟುಬಿಡ್ರಿ. ಅದು ಫ್ಯಾನಿಗೋ ಜೋಕಾಲಿಗೋ ಹಾಕಿದ್ದು. ಒಳಗೆ ಕಂಬಿಗೆ ಸುತ್ತಿದ್ದಾರೋ, ಸುಮ್ನೆ ಕಾಂಕ್ರೀಟಿನಲ್ಲಿ ಹುಗಿದಿದ್ದಾರೋ ಕೆಳಗೆ ನಿಂತು ಹೇಳುವುದಕ್ಕೆ ಆಗುವುದಿಲ್ಲ. ಗೊತ್ತಿಲ್ಲದ ಕೊಕ್ಕೆಗೆ ಎಂಜಿನ್ ಹಾಕಬೇಡಿ.

ಎರಡನೆಯದು, ಎಲ್ಲರೂ ಟನ್ ಕೇಳುತ್ತಾರೆ. ನಿಮ್ಮ ಎಂಜಿನ್ ತೂಕ ಇಲ್ಲಿ ದೊಡ್ಡ ವಿಷಯ ಅಲ್ಲ. ಪದ್ಮಿನಿಯದು ಕಬ್ಬಿಣದ ಬ್ಲಾಕ್, ಅಲ್ಯೂಮಿನಿಯಂ ಹೆಡ್, ಸಣ್ಣ ಎಂಜಿನ್. ಗೇರ್‌ಬಾಕ್ಸ್ ಸೇರಿಸಿ 300 ಕೆಜಿ ಅಂತ ಲೆಕ್ಕ ಇಟ್ಟುಕೊಂಡರೂ ಅದು ಜಾಸ್ತಿಯೇ. ಬಾಡಿಗೆಗೆ ಸಿಗುವ ಯಾವ ಸಾಮಾನಾದರೂ ಅಷ್ಟು ಎತ್ತುತ್ತದೆ. ಪ್ರಶ್ನೆ ಮೂರೇ. ಕೊಕ್ಕೆ ಎಂಜಿನ್ ನಡುವಿನವರೆಗೆ ತಲುಪುತ್ತದಾ? ಮುಂದಿನ ಪ್ಯಾನೆಲ್ (ಗಾಡಿಯ ಮೂತಿಯ ತಗಡು) ದಾಟುವಷ್ಟು ಮೇಲೆ ಹೋಗುತ್ತದಾ? ನೆಲ ಮಟ್ಟಸ ಇದೆಯಾ? ನಿಮ್ಮ ನೆಲ ಇಳಿಜಾರು, ಮೇಲೆ ಟೈಲ್ಸ್. ನನಗೆ ಎಲ್ಲಕ್ಕಿಂತ ಚಿಂತೆ ಆಗಿರುವುದು ಅದೇ.

ಕ್ರೇನ್‌ ಬಗ್ಗೆ ಒಂದು ಮಾತು. 2 ಟನ್ ಅಂತ ಬರೆದಿರುತ್ತದಲ್ಲ, ಅದು ತೋಳು ಪೂರ್ತಿ ಒಳಗಿದ್ದಾಗ ಮಾತ್ರ. ಸಾಮಾನ್ಯವಾಗಿ ತೋಳಿಗೆ ನಾಲ್ಕು ತೂತು ಇರುತ್ತವೆ. ಒಂದೊಂದೇ ತೂತು ಹೊರಗೆ ಎಳೆದ ಹಾಗೆ 2, 1.5, 1, ಕೊನೆಗೆ ಅರ್ಧ ಟನ್ನಿಗೆ ಇಳಿಯುತ್ತದೆ. ತೋಳಿನ ಮೇಲೆಯೇ ಬರೆದಿರುತ್ತಾರೆ, ಓದಿ. ಪದ್ಮಿನಿಗೆ ಕೊನೆಯ ತೂತಿನಲ್ಲೂ ಅರ್ಧ ಟನ್ ಸಾಕು. ಆದರೆ ತೋಳು ಉದ್ದ ಆದಷ್ಟೂ ಭಾರ ಮುಂದಕ್ಕೆ ಬರುತ್ತದೆ, ಕ್ರೇನ್ ಮುಗ್ಗರಿಸುವ ಅಪಾಯವೂ ಜಾಸ್ತಿ. ಕಾಲುಗಳು ಕೊಕ್ಕೆಗಿಂತ ಮುಂದೆ ಚಾಚಿರಲೇಬೇಕು.

ಪೀಣ್ಯ ಫ್ಯಾಬ್ರಿಕೇಟರ್

ಮೈಸೂರಿನವರೇ, ಟೇಪ್ ತಗೊಂಡು ಕೆಲವು ಅಳತೆ ಮಾಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ನೆಲದಿಂದ ಮುಂದಿನ ಪ್ಯಾನೆಲ್ಲಿನ ಮೇಲಂಚಿನವರೆಗೆ ಎಷ್ಟು? ಎಂಜಿನ್ ತಲೆಯಿಂದ ಸಂಪ್ (ಕೆಳಗಿನ ಆಯಿಲ್ ತಟ್ಟೆ) ತಳದವರೆಗೆ ಎಷ್ಟು? ಅದಕ್ಕೆ ಸ್ಲಿಂಗಿನ (ಎಂಜಿನ್ ಕಟ್ಟಿ ಎತ್ತುವ ಬೆಲ್ಟ್ ಅಥವಾ ಸರಪಳಿ) ಎತ್ತರ ಸೇರಿಸಿ. ಉದಾಹರಣೆಗೆ 85, 60, 30 ಸೆಂಟಿಮೀಟರ್ ಬಂತು ಅಂದುಕೊಳ್ಳಿ, ಒಟ್ಟು 175. ಮೇಲೆ ಕೈ ಆಡಲು 10 ಸೇರಿಸಿದರೆ ಕೊಕ್ಕೆ 185 ಸೆಂಟಿಮೀಟರ್ ಎತ್ತರಕ್ಕೆ ಹೋಗಬೇಕು. ಚೈನ್ ಬ್ಲಾಕ್ ಆದರೆ ಅದರ ಮೇಲಿನ ಕೊಕ್ಕೆಯಿಂದ ಕೆಳಗಿನ ಕೊಕ್ಕೆಯವರೆಗೆ, ಪೂರ್ತಿ ಎಳೆದ ಮೇಲೂ, 35 ಸೆಂಟಿಮೀಟರ್ ಆಸುಪಾಸು ಉಳಿಯುತ್ತದೆ. ಅಂದರೆ ಬೀಮ್ 2.2 ಮೀಟರಿನಲ್ಲಿ ಇರಬೇಕು. ನಿಮ್ಮ 10 ಅಡಿಯಲ್ಲಿ ಇದು ಆರಾಮಾಗಿ ಹಿಡಿಯುತ್ತದೆ.

ಇನ್ನೊಂದು ವಿಷಯ ತುಂಬಾ ಜನ ಮರೆಯುತ್ತಾರೆ. ಎಂಜಿನ್ ಭಾರ ಮೌಂಟಿಂಗ್ ಬಿಟ್ಟು ಕೊಕ್ಕೆಗೆ ಬಂದ ತಕ್ಷಣ ಮುಂದಿನ ಸ್ಪ್ರಿಂಗ್‌ಗಳು ಹಗುರಾಗುತ್ತವೆ, ಗಾಡಿಯ ಮೂತಿಯೇ ಮೇಲೇಳುತ್ತದೆ. ನೀವು ದಾಟಬೇಕಾದ ಪ್ಯಾನೆಲ್ ಕೂಡ ನಿಮ್ಮ ಜೊತೆಗೇ ಮೇಲೆ ಬರುತ್ತದೆ. ಆದ್ದರಿಂದ ಆ 10 ಸೆಂಟಿಮೀಟರಿನಲ್ಲಿ ಜಿಪುಣತನ ಬೇಡ.

ಬೋರ್‌ವೆಲ್ ಮೂರು ಕಾಲಿನ ಸ್ಟ್ಯಾಂಡ್ ಕೆಲಸಕ್ಕೆ ಬರುತ್ತದೆ, ಆದರೆ ಅದನ್ನು ಮಾಡಿರುವುದು ನೇರ ಕೆಳಗಿನ ಕೊಳವೆ ಎಳೆಯಲು. ಕಾರಿಗೆ ಎರಡು ಕಾಲು ಗಾಡಿಯ ಎರಡು ಪಕ್ಕಕ್ಕೆ, ಮೂರನೆಯದು ಮೂತಿಯ ಮುಂದೆ ಬರಬೇಕು. ಗಾಡಿಯ ಅಗಲಕ್ಕಿಂತ ಅಗಲವಾಗಿ ಕಾಲು ಚಾಚಿದಾಗ ಎತ್ತರ ಕಡಿಮೆ ಆಗುತ್ತದೆ, ಕಾಲುಗಳು ಹೊರಕ್ಕೆ ಜಾರಲು ನೋಡುತ್ತವೆ. ನುಣುಪಾದ ಟೈಲ್ಸ್ ಮೇಲೆ ಕಬ್ಬಿಣದ ಕಾಲು! ಮೂರೂ ಕಾಲುಗಳ ಬುಡಕ್ಕೆ ಸುತ್ತಲೂ ಸರಪಳಿ ಕಟ್ಟದೆ ಅದರಲ್ಲಿ ಏನೂ ಎತ್ತಬೇಡಿ.

ಮಾಡಿಸುವುದಾದರೆ ಎರಡು ಪಕ್ಕಕ್ಕೂ ಎ ಆಕಾರದ ಕಾಲು, ಮೇಲೆ ಒಂದು ಐ ಬೀಮ್. 2.5 ಮೀಟರ್ ಅಂತರಕ್ಕೆ ಐಎಸ್‌ಎಂಬಿ 100 (100 ಎಂಎಂ ಎತ್ತರದ ಐ ಬೀಮ್) ಹಾಕಿ, ಮಧ್ಯದಲ್ಲಿ 300 ಕೆಜಿ ತೂಗಿದರೆ ಬೀಮಿನಲ್ಲಿ ಬರುವ ಒತ್ತಡ ಸುಮಾರು 50 ಮೆಗಾಪ್ಯಾಸ್ಕಲ್. ಮೈಲ್ಡ್ ಸ್ಟೀಲ್ ಬಾಗಲು ಶುರುವಾಗುವುದು 250ರ ಹತ್ತಿರ. ಹಾಗಾಗಿ ಬೀಮ್ ಚಿಂತೆ ಇಲ್ಲ. ಬೀಳುವುದು ಯಾವಾಗಲೂ ಪಕ್ಕಕ್ಕೆ ವಾಲಿ. ಕಾಲಿನಿಂದ ಬೀಮಿಗೆ ಎರಡೂ ತುದಿಯಲ್ಲಿ ಓರೆ ಪಟ್ಟಿ ಕೊಡಲೇಬೇಕು.

ಮಿಶಿಗನ್ ಕನ್ನಡಿಗ

ಒಂದೇ ಸಲದ ಕೆಲಸಕ್ಕೆ ಗ್ಯಾಂಟ್ರಿ (ಆ ಕಾಲು, ಬೀಮಿನ ಚೌಕಟ್ಟು) ಮಾಡಿಸುವುದು ದುಡ್ಡು ದಂಡ ಅಂತ ನನ್ನ ಅಭಿಪ್ರಾಯ. ಇಲ್ಲಿ ಮನೆಯಲ್ಲಿ ಗಾಡಿ ರಿಪೇರಿ ಮಾಡುವವರು ಮಡಚುವ ಕ್ರೇನ್ ಬಾಡಿಗೆಗೆ ತಂದು ವಾಪಸ್ ಕೊಡುತ್ತಾರೆ. ಎತ್ತಿದ ಮೇಲೆ ಎಂಜಿನ್ನನ್ನು ಅಲ್ಲಿಂದಲೇ ಉರುಳಿಸಿಕೊಂಡು ಸ್ಟ್ಯಾಂಡಿನವರೆಗೆ ಹೋಗಬಹುದು. ಗ್ಯಾಂಟ್ರಿಯಲ್ಲಿ ಎಂಜಿನ್ ಎತ್ತಿ, ಗಾಡಿಯನ್ನು ಹಿಂದಕ್ಕೆ ತಳ್ಳಬೇಕು.

ಗೇರ್‌ಬಾಕ್ಸ್ ಜೊತೆಗೇ ಎತ್ತುವುದಾದರೆ ಲೋಡ್ ಲೆವೆಲರ್ ತಗೊಳ್ಳಿ. ಹಿಡಿಕೆ ತಿರುಗಿಸಿದರೆ ನೇತಾಡುವ ಎಂಜಿನ್ನಿನ ಓರೆ ಬದಲಾಗುತ್ತದೆ. ಹಿಂದಿನ ಚಕ್ರ ಓಡಿಸುವ ಗಾಡಿಯಲ್ಲಿ ಎಂಜಿನ್ ಉದ್ದಕ್ಕೆ ಕೂತಿರುತ್ತದೆ, ಗೇರ್‌ಬಾಕ್ಸಿನ ಬಾಲ ಗಾಡಿಯ ನೆಲದ ನಡುವಿನ ಸುರಂಗದಿಂದ ಹೊರಬರಬೇಕಾದರೆ ಮೂತಿ ಚೆನ್ನಾಗಿ ಮೇಲೇಳಬೇಕು. ಅದನ್ನು ಕೈಯಲ್ಲಿ ಒತ್ತಿ ಹಿಡಿದು ಮಾಡಲು ಹೋಗಬೇಡಿ.

ಎತ್ತಿದ ಗಾಡಿಯ ಕೆಳಗೆ ಆಸರೆ ಕೊಡುವ ಜ್ಯಾಕ್ ಸ್ಟ್ಯಾಂಡ್ ಬಗ್ಗೆಯೂ ಹೇಳುತ್ತೇನೆ. 2020ರಲ್ಲಿ ಇಲ್ಲಿ ಹಾರ್ಬರ್ ಫ್ರೈಟ್ ಕಂಪನಿ ತನ್ನ 3 ಟನ್ ಮತ್ತು 6 ಟನ್ ಜ್ಯಾಕ್ ಸ್ಟ್ಯಾಂಡ್‌ಗಳನ್ನು ಲಕ್ಷಗಟ್ಟಲೆ ವಾಪಸ್ ಕರೆಸಿಕೊಂಡಿತು. ಭಾರ ಇದ್ದಾಗ ಅಲುಗಾಡಿದರೆ ಹಲ್ಲಿನ ಹಿಡಿತ ತಪ್ಪಿ ಸ್ಟ್ಯಾಂಡ್ ಕುಸಿಯುವ ಸಾಧ್ಯತೆ ಇತ್ತು. ಮೇಲೆ ಬರೆದ ಟನ್ ಸರಿಯಾಗಿಯೇ ಇತ್ತು, ಹಲ್ಲು ಕೂರುವ ರೀತಿ ಸರಿ ಇರಲಿಲ್ಲ. ಹಲ್ಲಿನ ಜೊತೆಗೆ ಅಡ್ಡ ಪಿನ್ ಕೂಡ ಹಾಕುವಂಥ ಸ್ಟ್ಯಾಂಡ್ ನೋಡಿ ತಗೊಳ್ಳಿ.

ಕುಡ್ಲ ಡ್ರೈವ್

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ ಮಾರಾಯ್ರೇ. ನನ್ನದು ಮಾರುತಿ ಓಮ್ನಿ. ಇದೇ ಕ್ರೇನಿನಲ್ಲಿ ಅದರ ಎಂಜಿನ್ ಇಳಿಸಬಹುದಾ?

ಹುಬ್ಬಳ್ಳಿ ಗ್ಯಾರೇಜ್

ಓಮ್ನಿಗೆ ಕ್ರೇನ್ ಬೇಡ್ರಿ. ಅದರ ಎಂಜಿನ್ ಮುಂದಿನ ಸೀಟಿನ ಕೆಳಗಿದೆ, ಅಲ್ಲಿಗೆ ತೋಳು ಹೋಗಲು ಜಾಗ ಇಲ್ಲ. ಅದು ಕೆಳಗಿನಿಂದ ಇಳಿಯುತ್ತದೆ. ಗಾಡಿ ಎತ್ತರದಲ್ಲಿ ಗಟ್ಟಿಯಾಗಿ ನಿಲ್ಲಬೇಕು, ಎಂಜಿನ್ ಕೆಳಗೆ ಟ್ರಾಲಿ ಜ್ಯಾಕ್ ಅಥವಾ ಚಕ್ರದ ಮೇಜು ಬೇಕು. ಅಲ್ಲಿ ಜ್ಯಾಕ್ ಸ್ಟ್ಯಾಂಡಿಗೇ ಹೆಚ್ಚು ದುಡ್ಡು ಹಾಕಿ. ಮಾರುತಿ 800 ಬೇರೆ. ಅದರ ಎಂಜಿನ್ ಅಡ್ಡ ಕೂತಿದೆ, ಎರಡೂ ಡ್ರೈವ್ ಶಾಫ್ಟ್ ಬಿಡಿಸಿ ಗೇರ್‌ಬಾಕ್ಸ್ ಜೊತೆ ಮೇಲಿಂದಲೇ ತೆಗೆಯಬಹುದು. ಅಂಬಾಸಿಡರ್ ಇಟ್ಟವರು ಇದ್ದರೆ ಕೇಳಿ: 1489 ಸಿಸಿ ಬಿಎಂಸಿ ಎಂಜಿನ್ನಿಗೆ ಬ್ಲಾಕ್, ಹೆಡ್ ಎರಡೂ ಕಬ್ಬಿಣ. ಪದ್ಮಿನಿಗೆ ನಡೆದದ್ದು ಅದಕ್ಕೂ ನಡೆಯುತ್ತದೆ ಅಂದುಕೊಳ್ಳಬೇಡಿ.

ಮತ್ತೆ ಪದ್ಮಿನಿ ವಿಷಯಕ್ಕೆ. ಮಿಶಿಗನ್ ಅಣ್ಣ ಹೇಳಿದ ಕ್ರೇನ್ ಅವರ ಕಡೆಯ ಗ್ಯಾರೇಜಿನ ಸಪಾಟು ಕಾಂಕ್ರೀಟಿಗೆ ಸರಿ. ಇಳಿಜಾರು ಟೈಲ್ಸ್ ಮೇಲೆ ಎಂಜಿನ್ ಹೊತ್ತ ಕ್ರೇನ್ ತಾನಾಗಿಯೇ ಗೇಟಿನ ಕಡೆಗೆ ಹೊರಡುತ್ತದೆ. ಸಣ್ಣ ಚಕ್ರ ಟೈಲ್ಸ್ ಸಂದಿಯಲ್ಲಿ ಸಿಕ್ಕಿಕೊಂಡರೆ ಕ್ರೇನ್ ನಿಲ್ಲುತ್ತದೆ, ಮೇಲಿನ ಎಂಜಿನ್ ತೂಗುತ್ತಾ ಮುಂದೆ ಹೋಗುತ್ತದೆ. ಆ ಗಳಿಗೆಯಲ್ಲಿ ಕೈ ಕೊಟ್ಟು ಹಿಡಿಯಲು ಹೋಗುವವರೇ ಪೆಟ್ಟು ತಿನ್ನುತ್ತಾರೆ.

ಮೈಸೂರು_1100

ಎಲ್ಲರಿಗೂ ಧನ್ಯವಾದ. ಅಳತೆ ಮಾಡಿದೆ. ಪ್ಯಾನೆಲ್, ಎಂಜಿನ್ ಲೆಕ್ಕ ಪೀಣ್ಯದವರು ಹೇಳಿದ ಉದಾಹರಣೆಯ ಹತ್ತಿರವೇ ಬಂತು. ಆದರೆ ಹೊಸ ತೊಂದರೆ ಒಂದಿದೆ. ನಾನು ನೋಡಿದ ಕ್ರೇನಿನ ಕಾಲು ಚಕ್ರ ಸೇರಿ 17 ಸೆಂಟಿಮೀಟರ್ ಎತ್ತರ. ನನ್ನ ಗಾಡಿಯ ಮುಂಭಾಗದ ಕೆಳಗೆ ಇರುವ ಜಾಗ ಅದಕ್ಕಿಂತ ಕಡಿಮೆ. ಕಾಲು ಒಳಗೆ ಹೋಗುವುದಿಲ್ಲ. ಮುಂಭಾಗವನ್ನು ಜ್ಯಾಕ್ ಸ್ಟ್ಯಾಂಡ್ ಮೇಲೆ ಇಟ್ಟರೆ ಆಗುತ್ತಾ?

ಪೀಣ್ಯ ಫ್ಯಾಬ್ರಿಕೇಟರ್

ಆಗುತ್ತದೆ, ಆದರೆ ಗಾಡಿಯನ್ನು ಎಷ್ಟು ಎತ್ತುತ್ತೀರೋ ತೋಳೂ ಅಷ್ಟೇ ಜಾಸ್ತಿ ಮೇಲೆ ಹೋಗಬೇಕು. ಜೊತೆಗೆ ಗಾಡಿ ಸ್ಟ್ಯಾಂಡ್ ಮೇಲೆ ಕೂತರೆ ಎಂಜಿನ್ ಮೇಲೆ ಬಂದ ಮೇಲೆ ಅದನ್ನು ಹಿಂದಕ್ಕೆ ತಳ್ಳಲು ಆಗುವುದಿಲ್ಲ, ಕ್ರೇನನ್ನೇ ಎಳೆಯಬೇಕು. ಸ್ಟ್ಯಾಂಡಿಗಿಂತ ಒಂದು ಸುಲಭ ದಾರಿ ಇದೆ. ಮುಂದಿನ ಎರಡೂ ಚಕ್ರದ ಕೆಳಗೆ 5 ಸೆಂಟಿಮೀಟರ್ ದಪ್ಪದ ಅಗಲವಾದ ಮರದ ಹಲಗೆ ಕೊಡಿ. ಗಾಡಿ ತನ್ನ ಚಕ್ರದ ಮೇಲೆಯೇ ನಿಂತಿರುತ್ತದೆ. ಹಿಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಅಡೆ ಕೊಡಿ. ಪದ್ಮಿನಿಯ ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬಬೇಡಿ. ಹಾಲೋ ಬ್ಲಾಕ್, ಇಟ್ಟಿಗೆ ಇಡಬೇಡಿ, ಅವು ಒಡೆಯುವಾಗ ಮುನ್ಸೂಚನೆ ಕೊಡುವುದಿಲ್ಲ.

ನನ್ನ ಮಾತು ಕೇಳಿದರೆ ಸಾಮಾನು ಆರಿಸುವ ಮುಂಚೆ ನೆಲ ಆರಿಸಿ. ಸಪಾಟಾದ ಕಾಂಕ್ರೀಟ್ ನೆಲ ಇರುವ ಶೆಡ್ ಯಾರದಾದರೂ ಸಿಗುತ್ತದಾ ನೋಡಿ. ಅಲ್ಲಿ ಬಾಡಿಗೆ ಕ್ರೇನೇ ಸಾಕು. ಮನೆಯಲ್ಲೇ ಮಾಡುವುದಾದರೆ ಮಾತ್ರ ಗ್ಯಾಂಟ್ರಿ ಮತ್ತು ಚೈನ್ ಬ್ಲಾಕ್.

ಹುಬ್ಬಳ್ಳಿ ಗ್ಯಾರೇಜ್

ಇದು ಸರಿಯಾದ ಮಾತು. ಚೈನ್ ಬ್ಲಾಕಿನ ಒಂದು ಗುಣ ಮಾತ್ರ ಹೇಳಲೇಬೇಕು. ಕೈಯಿಂದ ಎಳೆಯುವ ಬ್ಲಾಕಿನಲ್ಲಿ ಒಳಗೇ ಬ್ರೇಕ್ ಇರುತ್ತದೆ. ಸರಪಳಿ ಬಿಟ್ಟ ಜಾಗದಲ್ಲಿ ಭಾರ ನಿಲ್ಲುತ್ತದೆ, ಕೂದಲೆಳೆಯಷ್ಟು ಇಳಿಸಬೇಕಾದರೂ ಇಳಿಸಬಹುದು. ವಾಪಸ್ ಕೂರಿಸುವಾಗ ಇದು ದೊಡ್ಡ ಸಹಾಯ. ಹೈಡ್ರಾಲಿಕ್ ಕ್ರೇನಿನಲ್ಲಿ ಸೀಲ್ ಸ್ವಲ್ಪ ಸೋರಿದರೂ ತೋಳು ನಿಧಾನಕ್ಕೆ ಇಳಿಯುತ್ತಾ ಹೋಗುತ್ತದೆ. ಇಳಿಸುವ ವಾಲ್ವ್ ಸ್ವಲ್ಪ ಜಾಸ್ತಿ ತಿರುಗಿದರೆ ದಡಾರ್ ಅಂತ ಬೀಳುತ್ತದೆ. ಅದನ್ನು ಖಾಲಿ ಇರುವಾಗಲೇ ತಿರುಗಿಸಿ ಅಭ್ಯಾಸ ಮಾಡಿಕೊಳ್ಳಿ.

ಚೈನ್ ಬ್ಲಾಕ್ ತರುವುದಾದರೆ ಐಎಸ್ 3832 (ಅದರ ಭಾರತೀಯ ಮಾನಕ) ಗುರುತು, ಟನ್, ಸೀರಿಯಲ್ ನಂಬರ್ ಕೆತ್ತಿದ ಪಟ್ಟಿ ಇರಬೇಕು. ಇಂಡೆಫ್ ತರಹದ ಹೆಸರಿರುವ ಕಂಪನಿಯ ಹಳೆಯ ಬ್ಲಾಕ್ ಸಿಕ್ಕರೂ ನಡೆಯುತ್ತದೆ. ಆದರೆ ಕೊಕ್ಕೆಯ ಬಾಯಿ ಅಗಲ ಆಗಿದೆಯಾ, ಬಾಯಿಯ ಚಿಲಕ ಮುಚ್ಚುತ್ತದಾ, ಸರಪಳಿ ಕೊಂಡಿ ಸವೆದಿದೆಯಾ ನೋಡಿ. ಬೋರ್‌ವೆಲ್ ಕೆಲಸದಲ್ಲಿ ಬ್ಲಾಕ್ ಕೆಸರಿನಲ್ಲೇ ಬಿದ್ದಿರುತ್ತದೆ, ಬ್ರೇಕ್ ಪ್ಲೇಟಿಗೆ ಎಣ್ಣೆ ಗ್ರೀಸ್ ಹೋಗಿದ್ದರೆ ಜಾರುತ್ತದೆ. ಎತ್ತಿದ ಮೇಲೆ ನೆಲದಿಂದ 10 ಸೆಂಟಿಮೀಟರಿನಲ್ಲಿ ನಿಲ್ಲಿಸಿ, ಸ್ವಲ್ಪ ಹೊತ್ತು ಕಾದು ನೋಡುವುದು ನಮ್ಮ ಗ್ಯಾರೇಜಿನ ನಿಯಮ.

ಮಿಶಿಗನ್ ಕನ್ನಡಿಗ

ಒಪ್ಪಿದೆ. ನಾನು ನೆಲದ ಬಗ್ಗೆ ಯೋಚಿಸದೆ ಉತ್ತರಿಸಿದ್ದು ನಿಜ, ಇಳಿಜಾರಿನಲ್ಲಿ ಕ್ರೇನ್ ಬೇಡವೇ ಬೇಡ. ಎಂಜಿನ್ನಿಗೆ ಎಲ್ಲಿ ಕಟ್ಟಬೇಕು ಅಂತ ಯಾರೂ ಹೇಳಿಲ್ಲ, ಅದನ್ನೂ ಬರೆದುಬಿಡಿ.

ಪೀಣ್ಯ ಫ್ಯಾಬ್ರಿಕೇಟರ್

ಬರೆಯುತ್ತೇನೆ, ಇದು ಟನ್ನಿಗಿಂತ ಮುಖ್ಯ. ಎಂಜಿನ್ನಿನ ಎರಡು ಎದುರು ಮೂಲೆ ಹಿಡಿಯಿರಿ. ಒಂದು ಮುಂದೆ ಒಂದು ಪಕ್ಕಕ್ಕೆ, ಇನ್ನೊಂದು ಹಿಂದೆ ಇನ್ನೊಂದು ಪಕ್ಕಕ್ಕೆ. ಬ್ಲಾಕಿನಲ್ಲಿ ಬ್ರಾಕೆಟ್ ಕೂರುವ ದಪ್ಪ ತೂತುಗಳಿಗೆ ಪಟ್ಟಿ ಹಾಕಿ 8.8 ಅಥವಾ 10.9 ಗ್ರೇಡ್ (ಬಲದ ಗುರುತು) ಬೋಲ್ಟ್ ಬಿಗಿಯಿರಿ. ಮ್ಯಾನಿಫೋಲ್ಡ್ ಸ್ಟಡ್, ಪ್ಲಗ್ ತೂತು, ವಾಲ್ವ್ ಕವರ್ ಮುಟ್ಟಬೇಡಿ. ಹೆಡ್ ಅಲ್ಯೂಮಿನಿಯಂ, ಮರೆ (ಥ್ರೆಡ್) ಕಿತ್ತುಬರುತ್ತದೆ.

ಸ್ಲಿಂಗಿನ ಕೋನವೂ ನೋಡಿ. 200 ಕೆಜಿ ಎಂಜಿನ್ನಿಗೆ ಎರಡು ಎಳೆ ಹಾಕಿದರೆ ಒಂದೊಂದಕ್ಕೆ 100 ಕೆಜಿ ಅಂತ ಅನ್ನಿಸುತ್ತದೆ ಅಲ್ವಾ? ಎರಡೂ ನೇರ ಮೇಲಕ್ಕೆ ನಿಂತಾಗ ಮಾತ್ರ ಅದು ನಿಜ. ಎಳೆ ಅಡ್ಡ ಗೆರೆಗೆ 60 ಡಿಗ್ರಿಯಲ್ಲಿದ್ದರೆ ಒಂದೊಂದಕ್ಕೆ 115, 45 ಡಿಗ್ರಿಗೆ 141, 30 ಡಿಗ್ರಿಗೆ ಇಳಿದರೆ ಒಂದೊಂದು ಎಳೆಯೂ ಪೂರ್ತಿ 200 ಹೊರಬೇಕು. ಜೊತೆಗೆ ಬೋಲ್ಟನ್ನು ಪಕ್ಕಕ್ಕೆ ಎಳೆಯುತ್ತದೆ. ಎತ್ತರ ಉಳಿಸಲು ಸ್ಲಿಂಗ್ ಗಿಡ್ಡ ಮಾಡುವವರು ಇಲ್ಲೇ ಎಡವುತ್ತಾರೆ.

ಪಾಲಿಯೆಸ್ಟರ್ ಬೆಲ್ಟ್ ಸ್ಲಿಂಗ್ ತಗೊಂಡರೆ ನೇರಳೆ ಬಣ್ಣದ್ದು 1 ಟನ್, ಹಸಿರು 2 ಟನ್. ನೇರಳೆ ಸಾಕು. ಚೂಪು ಅಂಚಿಗೆ ತಾಗುವಲ್ಲಿ ಹಳೆಯ ಟ್ಯೂಬ್ ತುಂಡು ಕೊಡಿ. ಎಂಜಿನ್ ಬ್ಲಾಕ್ ಕೆಳಗಿನಿಂದ ಸುತ್ತುವುದಾದರೆ ಸಂಪಿನ ತಗಡಿಗೆ ಭಾರ ಬೀಳದ ಹಾಗೆ ಕಟ್ಟಬೇಕು. ಸರಪಳಿ ಆದರೆ ಗ್ರೇಡ್ 80, ಡಿ ಶಾಕಲ್ (ಡಿ ಆಕಾರದ ಕೊಂಡಿ) ಜೊತೆ. ಹಾರ್ಡ್‌ವೇರ್ ಅಂಗಡಿಯ ಗೇಟ್ ಸರಪಳಿ, ನೈಲಾನ್ ಹಗ್ಗ, ತೆಂಗಿನ ನಾರಿನ ಹಗ್ಗ ಯಾವುದೂ ಬೇಡ.

ಮೈಸೂರು_1100

ನಂಜನಗೂಡಿನಲ್ಲಿ ನಮ್ಮ ಭಾವನ ವೆಲ್ಡಿಂಗ್ ಶೆಡ್ ಇದೆ. ನೆಲ ಸಪಾಟಾದ ಕಾಂಕ್ರೀಟ್. ಕೆಲವು ವಾರ ಒಂದು ಮೂಲೆ ಬಿಟ್ಟುಕೊಡುತ್ತೇನೆ ಅಂದಿದ್ದಾರೆ. ಗಾಡಿಯನ್ನು ಅಲ್ಲಿಗೇ ತಗೊಂಡು ಹೋಗುತ್ತೇನೆ, ಕ್ರೇನ್ ಬಾಡಿಗೆಗೆ ತರುತ್ತೇನೆ. ಹಲಗೆ ಅಲ್ಲೇ ಸಿಗುತ್ತದೆ. ಎಂಜಿನ್ ಒಂದನ್ನೇ ಎತ್ತುವುದೋ, ಗೇರ್‌ಬಾಕ್ಸ್ ಜೊತೆಗೋ? ಸ್ಟ್ಯಾಂಡಿನ ಪ್ರಶ್ನೆಯೂ ಉಳಿದಿದೆ. ಬಿಚ್ಚಿ ಜೋಡಿಸುವವರೆಗೆ ಹಳೆಯ ಟೈರ್ ಮೇಲೆ ಇಟ್ಟರೆ ಸಾಕು ಅಂತ ಭಾವ ಹೇಳುತ್ತಾರೆ.

ಹುಬ್ಬಳ್ಳಿ ಗ್ಯಾರೇಜ್

ಎಂಜಿನ್ ಒಂದನ್ನೇ ಎತ್ತಿ. ಗೇರ್‌ಬಾಕ್ಸ್ ಕೆಳಗೆ ಟ್ರಾಲಿ ಜ್ಯಾಕ್, ಮೇಲೆ ಮರದ ತುಂಡು ಕೊಟ್ಟು ಅದೇ ಮಟ್ಟದಲ್ಲಿ ನಿಲ್ಲಿಸಿ. ಎಂಜಿನ್ ಮೊದಲು ನೇರ ಮುಂದಕ್ಕೆ ಜಾರಬೇಕು, ಇನ್‌ಪುಟ್ ಶಾಫ್ಟ್ ಕ್ಲಚ್ಚಿನಿಂದ ಪೂರ್ತಿ ಹೊರಬಂದ ಮೇಲೆ ಮೇಲಕ್ಕೆ. ಅರ್ಧ ಒಳಗಿರುವಾಗಲೇ ಎತ್ತಿದರೆ ಭಾರ ಎಲ್ಲಾ ಆ ಶಾಫ್ಟ್ ಮೇಲೆ ಬಿದ್ದು ಕ್ಲಚ್ ಪ್ಲೇಟಿನ ನಡು ಬಾಗುತ್ತದೆ. ಬಾನೆಟ್, ರೇಡಿಯೇಟರ್ ಮುಂಚೆಯೇ ಬಿಚ್ಚಿಡಿ. ಎಂಜಿನ್ ಪ್ಯಾನೆಲ್ ದಾಟಿದ ತಕ್ಷಣ ಮೊಣಕಾಲ ಎತ್ತರಕ್ಕೆ ಇಳಿಸಿ, ಆಮೇಲೆ ಕ್ರೇನ್ ಎಳೆಯಿರಿ. ಎತ್ತರದಲ್ಲಿಟ್ಟು ಎಳೆಯಬೇಡಿ.

ಟೈರ್ ವಿಷಯ. ಬಿಚ್ಚಿದ ತಕ್ಷಣ ಬೋರಿಂಗಿಗೆ ಹೋಗುವ ಎಂಜಿನ್ ಆದರೆ ಟೈರ್ ಸಾಕು, ನಾವೂ ಇಡುತ್ತೇವೆ. ನೀವು ಮೊದಲ ಸಲ ಪೂರ್ತಿ ಜೋಡಿಸುವವರು. ಬೇರಿಂಗ್ ಕ್ಯಾಪ್ ಬಿಗಿಯುವಾಗ ಬ್ಲಾಕ್ ತಲೆಕೆಳಗಾಗಿರಬೇಕು, ಪಿಸ್ಟನ್ ಹಾಕುವಾಗ ಓರೆ, ಹೆಡ್ ಕೂರಿಸುವಾಗ ನೆಟ್ಟಗೆ. ಟಾರ್ಕ್ ಹಾಕುವಾಗ ಬ್ಲಾಕ್ ಅಲುಗಾಡಬಾರದು. ಅದಕ್ಕೆ ಸ್ಟ್ಯಾಂಡ್ ಬೇಕೇ ಬೇಕು.

ಪೀಣ್ಯ ಫ್ಯಾಬ್ರಿಕೇಟರ್

450 ಕೆಜಿ ಸಾಕು, ಆದರೆ ಮೂರು ಚಕ್ರದ್ದು ಬೇಡ. ಟಿ ಆಕಾರದ ಬುಡ, ಮುಂದೆ ಒಂದೇ ಚಕ್ರ ಇರುವುದು ಪಕ್ಕಕ್ಕೆ ಬಲವಾಗಿ ಪಾನ (ಸ್ಪ್ಯಾನರ್) ಎಳೆದಾಗ ವಾಲುತ್ತದೆ. ನಾಲ್ಕು ಚಕ್ರ, ಅಗಲ ಬುಡ, ಚಕ್ರಕ್ಕೆ ಲಾಕ್ ಇರುವುದು ನೋಡಿ. ತಿರುಗುವ ಕೊಳವೆ ಸಡಿಲ ಇರಬಾರದು, ಅಂಗಡಿಯಲ್ಲೇ ಕೈಹಾಕಿ ಮೇಲೆ ಕೆಳಗೆ ಅಲುಗಾಡಿಸಿ ನೋಡಿ. ನಿಲ್ಲಿಸುವ ಪಿನ್ ತೆಗೆದ ಕೂಡಲೇ ಎಂಜಿನ್ ತಾನಾಗಿ ತಿರುಗದ ಹಾಗೆ, ತೂಕದ ನಡು ಆ ಕೊಳವೆಯ ನೇರಕ್ಕೆ ಬರುವಂತೆ ನಾಲ್ಕು ತೋಳು ಹೊಂದಿಸಬೇಕು. ಎಂಜಿನ್ ಕ್ರೇನಿನಲ್ಲಿ ತೂಗುತ್ತಿರುವಾಗಲೇ ಈ ಹೊಂದಾಣಿಕೆ ಮಾಡಿ, ಅವಸರ ಬೇಡ.

ಬೋಲ್ಟ್ ಉದ್ದ ತುಂಬಾ ಮುಖ್ಯ. ಸ್ಟ್ಯಾಂಡಿನ ತೋಳಿನ ದಪ್ಪ ಕಳೆದು, ಕಬ್ಬಿಣದ ಬ್ಲಾಕಿನ ಒಳಗೆ ಬೋಲ್ಟ್ ದಪ್ಪದ ಒಂದೂವರೆಯಷ್ಟಾದರೂ ಮರೆ ಹಿಡಿಯಬೇಕು. 10 ಎಂಎಂ ಬೋಲ್ಟ್ ಆದರೆ 15 ಎಂಎಂ. ಝೆನ್, ಎಸ್ಟೀಮ್ ತರಹದ ಅಲ್ಯೂಮಿನಿಯಂ ಬ್ಲಾಕ್ ಆದರೆ ಎರಡರಷ್ಟು. ಗಾಡಿಯಿಂದ ಬಿಚ್ಚಿದ ಬೆಲ್ ಹೌಸಿಂಗ್ (ಎಂಜಿನ್ನಿಗೆ ಗೇರ್‌ಬಾಕ್ಸ್ ಕೂರುವ ಕಡೆಯ) ಬೋಲ್ಟನ್ನೇ ಅಂಗಡಿಗೆ ತಗೊಂಡು ಹೋಗಿ, ಅದೇ ಮರೆಯದ್ದು, ಉದ್ದ ಮಾತ್ರ ಜಾಸ್ತಿ ಇರುವುದು ಕೇಳಿ. ಮೈಸೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ.

ಮೈಸೂರು_1100

ಪೀಣ್ಯದವರೇ, ಬೋಲ್ಟ್ ಹಾಕುವ ಜಾಗದಲ್ಲೇ ಫ್ಲೈವೀಲ್ ಅಡ್ಡ ಬರುತ್ತದಲ್ಲ?

ಹುಬ್ಬಳ್ಳಿ ಗ್ಯಾರೇಜ್

ಹೌದು, ಬರುತ್ತದೆ. ಕ್ಲಚ್ ಮತ್ತು ಫ್ಲೈವೀಲ್ ಎರಡನ್ನೂ ಸ್ಟ್ಯಾಂಡಿಗೆ ಹಾಕುವ ಮುಂಚೆ, ಎಂಜಿನ್ ಇನ್ನೂ ಕ್ರೇನಿನಲ್ಲಿರುವಾಗ ಬಿಚ್ಚಬೇಕು. ಎಂಜಿನ್ನನ್ನು ನೆಲದ ಹತ್ತಿರಕ್ಕೆ ಇಳಿಸಿ, ಸಂಪ್ ಕೆಳಗೆ ಭಾವ ಹೇಳಿದ ಆ ಟೈರ್ ಕೊಟ್ಟು, ಸ್ಲಿಂಗ್ ಬಿಗಿಯಾಗಿಯೇ ಇಟ್ಟುಕೊಂಡು ಬಿಚ್ಚಿ. ಬಿಚ್ಚುವ ಮುಂಚೆ ಫ್ಲೈವೀಲಿಗೂ ಕ್ರ್ಯಾಂಕಿಗೂ ಸೆಂಟರ್ ಪಂಚಿನಿಂದ ಗುರುತು ಹಾಕಿ, ಅದೇ ಜಾಗಕ್ಕೆ ವಾಪಸ್ ಹೋಗಬೇಕು. ಜೋಡಿಸುವಾಗಲೂ ಹೀಗೆಯೇ, ಸ್ಟ್ಯಾಂಡಿನಿಂದ ಕ್ರೇನಿಗೆ ಬಂದ ಮೇಲೆಯೇ ಫ್ಲೈವೀಲ್ ಕೂರುತ್ತದೆ. ಹಾಗಾಗಿ ಕ್ರೇನ್ ಬಾಡಿಗೆಯನ್ನು ಎಂಜಿನ್ ಇಳಿಸುವ ದಿನಕ್ಕೊಂದು, ಕೂರಿಸುವ ದಿನಕ್ಕೊಂದು ಅಂತ ಈಗಲೇ ಮಾತಾಡಿಕೊಳ್ಳಿ. ಹಿಂದಿನ ಆಯಿಲ್ ಸೀಲ್ ಇರುವ ಕಡೆಯೂ ಸ್ಟ್ಯಾಂಡಿನ ತೋಳಿನ ಹಿಂದೆ ಮುಚ್ಚಿಹೋಗುತ್ತದೆ, ಆ ಕೆಲಸವನ್ನೂ ಕ್ರೇನಿಗೆ ಬಂದ ದಿನಕ್ಕೇ ಇಟ್ಟುಕೊಳ್ಳಿ.